ದೇವರ ತಲೆ ಸೇರಿದ ಕಡಲ ಬಟಾಣಿ ಹೂವು

ದೇವನಹಳ್ಳಿಯ ಗಾಜಿನ ಬಾಗಿಲು

ಊರಿನ ಹೆಸರು ಬರೆಯುವುದಿಲ್ಲ ಎಂದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್‌ಗೆ ಮಾತು ಕೊಟ್ಟಿದ್ದೇನೆ. ಐರ್ಲೆಂಡಿನ ಪಶ್ಚಿಮ ಕಡಲತೀರ, ಒಂದು ಚರ್ಚು, ಒಂದು ಅಂಗಡಿ, ಇಪ್ಪತ್ತೋ ಮೂವತ್ತೋ ಮನೆ ಎಂದಷ್ಟೇ ಹೇಳಿದರೆ ತಪ್ಪಾಗದು. ಅಂಥ ಊರುಗಳು ಅಲ್ಲಿ ಬೇಕಾದಷ್ಟಿವೆ.

ನಾನು ದೊಡ್ಡಬಳ್ಳಾಪುರದವಳು. ವಿಮಾನ ನಿಲ್ದಾಣ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಯಾರನ್ನೋ ಕಳಿಸಿಕೊಡಲು, ಯಾರನ್ನೋ ಕರೆತರಲು ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಗಾಜಿನ ಬಾಗಿಲಿನ ಆಚೆಗೆ ಮಾತ್ರ ಕಾಲಿಟ್ಟಿರಲಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಆ ಬಾಗಿಲು ನನಗೂ ತೆರೆಯಿತು. ತೆರೆಸಿದವಳು ಫಿಲೋಮಿನಾ, ನನ್ನ ಫಿಲ್ಲು.

ನಮ್ಮೂರ ಕಾನ್ವೆಂಟಿನಲ್ಲಿ ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಬೆಂಚು. ಅವಳ ಡಬ್ಬಿಯ ಕೇಕು ನನಗೆ, ನನ್ನ ಡಬ್ಬಿಯ ಒಬ್ಬಟ್ಟು ಅವಳಿಗೆ. ಆಮೇಲೆ ಅವಳು ನರ್ಸ್ ಆಗಿ ಮೊದಲು ಗಲ್ಫಿಗೆ, ಅಲ್ಲಿಂದ ಐರ್ಲೆಂಡಿಗೆ ಹೋದಳು. ನಾನು ಮದುವೆಯಾಗಿ ಮೂರು ಬೀದಿ ಆಚೆಗೆ ಹೋದೆ. ಈ ವರ್ಷ ಫೋನಿನಲ್ಲಿ ಗದರಿಸಿಯೇ ಬಿಟ್ಟಳು.

"ಲೇ ಸುಮಿ, ಇಪ್ಪತ್ತು ವರ್ಷದಿಂದ ಬರ್ತೀನಿ ಬರ್ತೀನಿ ಅಂತಾನೇ ಇದ್ದೀಯ. ನನ್ನ ಮಣ್ಣಿಗೆ ಬರೋ ಬದ್ಲು ಈಗ್ಲೇ ಬಂದ್ಹೋಗು. ಮಾತಾದ್ರೂ ಆಡ್ಬಹುದು."

ನಮ್ಮ ಯಜಮಾನರು "ಮುದ್ದೆ ಸಿಗದ ಊರಲ್ಲಿ ಮೂರು ವಾರ ನನ್ನ ಕೈಲಾಗಲ್ಲ, ನೀನು ಹೋಗ್ಬಾ" ಎಂದು ಹಿಂದೆ ಸರಿದರು. ಹುಣಸೆಹಣ್ಣು ಎಲ್ಲಿದೆ, ರಾಗಿಹಿಟ್ಟು ಎಲ್ಲಿದೆ ಎಂದು ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿ ಹೊರಟೆ.

ಕೈಚೀಲದಲ್ಲಿ, ರವಿಕೆ ಕಣದಲ್ಲಿ ಸುತ್ತಿದ ಹೆಬ್ಬೆರಳುದ್ದದ ಹಿತ್ತಾಳೆ ಗಣಪತಿ ಇತ್ತು. ತಪಾಸಣೆಯ ಯಂತ್ರ ಕೂಗಿಕೊಂಡಿತು. ಕಾವಲಿನ ಹುಡುಗಿ ಗಂಟು ಬಿಚ್ಚಿ ನೋಡಿದಳು.

"ಏನ್ ಆಂಟಿ, ಇವ್ರಿಗೂ ಟಿಕೆಟ್ ತಗೊಂಡಿದ್ದೀರಾ?"

"ಇಲ್ಲಮ್ಮ, ಮಡಿಲಲ್ಲಿ ಕೂತ್ಕೊಂಡು ಬರ್ತಾನೆ."

ಅವಳು ಎರಡು ಬೆರಳಿನಿಂದ ಮೂರ್ತಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊದಲಿಗಿಂತ ಚೆನ್ನಾಗಿ ಸುತ್ತಿ ಕೊಟ್ಟಳು.

ಹತ್ತೂವರೆಗೆ ಮುಸ್ಸಂಜೆ

ಹೋದ ದಿನ ಸಂಜೆ ದೀಪ ಹಚ್ಚಲು ಕತ್ತಲಾಗಲಿ ಎಂದು ಕಾದೆ. ಏಳಾಯಿತು, ಎಂಟಾಯಿತು, ಒಂಬತ್ತಾಯಿತು. ಹೊರಗೆ ನಮ್ಮಲ್ಲಿ ನಾಲ್ಕು ಗಂಟೆಗೆ ಇರುವಂಥ ಬೆಳಕು. ಬತ್ತಿ ಹೊಸೆದು, ಎಣ್ಣೆ ಹಾಕಿ, ಸೆರಗು ಹೊದ್ದು ಕೂತೇ ಇದ್ದೆ.

"ಯಾರಿಗೇ ಕಾಯ್ತಿದ್ದೀಯ?" ಎಂದಳು ಫಿಲ್ಲು.

"ಮುಸ್ಸಂಜೆಗೆ ಕಣೇ."

"ಜುಲೈ ತಿಂಗಳಲ್ಲಿ ಇಲ್ಲಿ ಮುಸ್ಸಂಜೆ ಬರೋದು ಹತ್ತೂವರೆಗೆ. ಹಚ್ಚಿ ಮಲ್ಕೋ, ನಿನ್ ಗಣಪತಿಗೂ ನಿದ್ದೆ ಬಂದಿರುತ್ತೆ."

ಅವಳ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಮೇರಿ ಮಾತೆಯ ಮೂರ್ತಿಯಿತ್ತು. ಪಕ್ಕದಲ್ಲಿ ಜಾಗ ಮಾಡಿ ಗಣಪತಿಯನ್ನು ಇಟ್ಟಳು. "ಇಬ್ರೂ ಅಮ್ಮ ಮಗ ಇದ್ದಂಗವ್ರೆ, ಇರ್ಲಿ ಬಿಡು" ಎಂದಳು.

ಆ ಊರಿನ ಜನರ ಪದ್ಧತಿಗಳು ನನಗೆ ಬಹಳ ಹಿಡಿಸಿದವು. ಎದುರು ಕಾರು ಬಂದರೆ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ. ಗುರುತು ಪರಿಚಯ ಬೇಕಿಲ್ಲ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ದೊಡ್ಡಬಳ್ಳಾಪುರದಲ್ಲಿ ನಾನು ಹಾಗೆ ಹೇಳಿದರೆ ಈಯಮ್ಮ ಏನೋ ಮರೆತು ಇಳಿದಿದ್ದಾಳೆ ಎಂದು ಡ್ರೈವರು ಬಸ್ಸು ನಿಲ್ಲಿಸಿಯಾರು. ಚಹಾ ಬೇಕೇ ಎಂದು ಕೇಳಿದಾಗ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲಕ್ಕೆ ಅರ್ಧ ಲೋಟ ಎನ್ನಬೇಕು, ತುಂಬಿದ ಲೋಟ ಕುಡಿಯಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮಳೆ ಮಾತ್ರ ಬೇರೆ ಜಾತಿಯದು. ನಮ್ಮ ಮಳೆ ಗುಡುಗಿ, ಗಾಳಿ ಎಬ್ಬಿಸಿ, ಹೇಳಿ ಬರುತ್ತದೆ. ಅಲ್ಲಿಯದು ಹೇಳದೆ ಕೇಳದೆ ಮುಖದ ಮೇಲೆ ಬಂದು ಕೂರುತ್ತದೆ. ಅದನ್ನು ಯಾರೂ ಮಳೆ ಎಂದು ಒಪ್ಪುವುದೂ ಇಲ್ಲ.

ಪಕ್ಕದ ಮನೆಯ ಬ್ರೈಡಿಗೆ ಎಂಬತ್ತು ದಾಟಿದೆ. ದಿನಾ ಬೆಳಗ್ಗೆ ಹತ್ತಕ್ಕೆ, ಕಪ್ಪು ಈಜುಡುಪಿನ ಮೇಲೆ ಹಳೆಯ ಕೋಟು ತೊಟ್ಟು, ಮೆಟ್ಟಿಲಿಳಿದು ಹೋಗಿ ಆ ತಣ್ಣನೆಯ ಸಮುದ್ರಕ್ಕೆ ಇಳಿಯುತ್ತಾರೆ. ನಾನು ಬೆರಳು ಅದ್ದಿ ನೋಡಿದ್ದೇನೆ. ನಮ್ಮ ಫ್ರಿಜ್ಜಿನ ನೀರೇ ಬೆಚ್ಚಗಿದೆ. ಮೊದಲ ದಿನ ಅವರನ್ನು "ಆಂಟಿ" ಎಂದು ಕರೆದೆ. ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಅವರು ನಕ್ಕು, "ನಾನು ಒಬ್ಬಳಿಗೇ ಆಂಟಿ, ಆ ಫಿಯೋನಾಗೆ. ಅವಳೇ ಸಾಕಾಗಿದಾಳೆ ನಂಗೆ. ಆಗ್ಲಿ ಕರಿ, ನೀನೂ ಒಬ್ಳು ಇರು" ಎಂದರು.

ಬ್ರೈಡಿ ಆಡಿದ್ದು ಇಂಗ್ಲಿಷೇ. ಆದರೆ ನನ್ನ ಕಿವಿಗೆ ಅದು ನಮ್ಮ ತೂಬಗೆರೆಯ ಅಜ್ಜಿಯ ಮಾತಿನ ಹಾಗೆ ಕೇಳಿಸಿದ್ದರಿಂದ ಹಾಗೆಯೇ ಬರೆಯುತ್ತಿದ್ದೇನೆ.

ಶುಕ್ರವಾರ, ಎಲ್ಲರೂ ಏಳುವ ಮೊದಲು

ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿದೆ. ಬೆಳಗಿನ ವಾಕಿಂಗಿಗೆ ಹೋಗುವ ಹೆಂಗಸರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ. ಯಾರ ಮನೆಯ ಕಣಗಿಲೆಯೋ ದಾಸವಾಳವೋ ಕಾಂಪೌಂಡಿನ ಹೊರಗೆ ಕೈಚಾಚಿದ್ದರೆ ಆ ಹೂವು ದೇವರದು. ಗಿಡದ ಯಜಮಾನಿ ಕಿಟಕಿಯಿಂದ ನೋಡಿದರೂ ಸುಮ್ಮನಿರುತ್ತಾಳೆ. ಅವಳ ಕವರಿನಲ್ಲಿ ಇರುವುದೂ ಬೇರೆಯವರ ಮನೆಯ ನಂದಿಬಟ್ಟಲೇ. ನಾನು ಇಪ್ಪತ್ತೈದು ವರ್ಷ ಹೀಗೆಯೇ ಪೂಜೆ ಮಾಡಿದವಳು.

ಐರ್ಲೆಂಡಿನಲ್ಲಿ ನನಗದು ಮೊದಲ ಶುಕ್ರವಾರ. ಹೂವಿಲ್ಲದೆ ಶುಕ್ರವಾರ ಮಾಡುವುದು ಹೇಗೆ? ಫಿಲ್ಲು ಇನ್ನೂ ಮಲಗಿದ್ದಳು. ಸೀರೆಯ ಮೇಲೆ ಅವಳ ಮಳೆ ಜಾಕೆಟ್ಟು ತೊಟ್ಟು, ಜೇಬಿನಲ್ಲಿ ಕವರು ಇಟ್ಟುಕೊಂಡು ಹೊರಟೆ. ಮನೆಗಳ ಮುಂದಿನ ಗುಲಾಬಿಗಳೆಲ್ಲ ಬೇಲಿಯ ಒಳಗೇ ಶಿಸ್ತಾಗಿ ನಿಂತಿದ್ದವು. ಒಂದೂ ಹೊರಗೆ ಕೈಚಾಚಿರಲಿಲ್ಲ. ಕೆಳಗೆ ಕಡಲಿನ ಕಡೆ ಇಳಿದೆ.

ಮೆಟ್ಟಿಲು ಮುಗಿಯುವಲ್ಲಿ ಮರಳಿಲ್ಲ, ಮೊಟ್ಟೆಯಂಥ ನುಣ್ಣನೆಯ ಕಲ್ಲುಗಳು. ಆ ಕಲ್ಲುಗಳ ಮೇಲೆ ಒಂದು ಬಳ್ಳಿ ಹರಡಿಕೊಂಡಿತ್ತು. ಆಸರೆ ಇಲ್ಲದೆ, ನೆಲಕ್ಕೇ ಮೈಚೆಲ್ಲಿ, ಒಂದು ಚಾಪೆಯಷ್ಟು ಅಗಲಕ್ಕೆ. ಎಲೆಗಳಿಗೆ ಬೂದಿ ಬಳಿದಂಥ ನೀಲಿ ಹಸಿರು. ತುದಿಯಲ್ಲಿ ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಸುರುಳಿ ಬಿಟ್ಟ ಎಳೆ. ಹೂವು ನೋಡಿದ ಕೂಡಲೇ ಜಾತಿ ತಿಳಿಯಿತು. ಮೇಲೆ ಬಾವುಟದಂಥ ಒಂದು ದಳ, ಪಕ್ಕದಲ್ಲಿ ಎರಡು ರೆಕ್ಕೆ, ಕೆಳಗೆ ಪುಟ್ಟ ದೋಣಿ. ಹತ್ತನೇ ಕ್ಲಾಸಿನಲ್ಲಿ ಸಿಸ್ಟರ್ ಬ್ಲೇಡಿನಿಂದ ಬಿಡಿಸಿ ತೋರಿಸಿದ್ದ ಬಟಾಣಿ ಹೂವೇ; ಆದರೆ ಬಣ್ಣ ನೇರಳೆ, ಹಳೆಯದಾದಂತೆ ನೀಲಿಗೆ ತಿರುಗುತ್ತಿತ್ತು.

ಕೈ ಒಂದು ಗಳಿಗೆ ತಡೆಯಿತು ಎಂದು ಒಪ್ಪಿಕೊಳ್ಳಬೇಕು. ಅವ್ವನ ತವರು ತೂಬಗೆರೆಯಲ್ಲಿ ಯಾರೂ ಅವರೆ ಹೂವನ್ನು ದೇವರಿಗೆ ಇಡುವುದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕಿತ್ತು ಮುಡಿದಾಗ ಅವ್ವ, "ಹೂ ಕಿತ್ರೆ ಕಾಯಿ ಎಲ್ಲಿಂದ ಬರುತ್ತೆ? ಸಾರಿಗೆ ನಿನ್ ಜಡೆ ಹಾಕ್ಲಾ?" ಎಂದು ತಲೆಗೆ ಮೊಟಕಿದ್ದಳು. ಆದರೆ ಇದು ಕಾಡುಬಳ್ಳಿ. ಇದರ ಕಾಯಿಗೆ ಕಾದು ಕೂತವರು ಯಾರೂ ಇರಲಾರರು ಎಂದುಕೊಂಡೆ. ಹನ್ನೊಂದು ಗೊಂಚಲು ಇದ್ದವು. ಹನ್ನೊಂದನ್ನೂ ಕಿತ್ತೆ.

ಗಣಪತಿ ಹೂವಿನಲ್ಲಿ ಮುಚ್ಚಿಹೋದ. ಸೊಂಡಿಲ ತುದಿ ಮಾತ್ರ ಕಾಣುತ್ತಿತ್ತು. ಎರಡು ಗೊಂಚಲನ್ನು ಮೇರಿ ಮಾತೆಯ ಪಾದದ ಬಳಿಯೂ ಇಟ್ಟೆ. ಎದ್ದು ಬಂದ ಫಿಲ್ಲು, "ಅಬ್ಬಾ, ಹಬ್ಬ ಆದಂಗಾಯ್ತು ನಮ್ಮನೆ" ಎಂದಳು. ಎಲ್ಲಿಂದ ತಂದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅದೇ ಶುಕ್ರವಾರ, ಚಹಾದ ಹೊತ್ತು

ಮಧ್ಯಾಹ್ನ ಬ್ರೈಡಿ ಚಹಾಕ್ಕೆ ಬಂದರು. ಜೊತೆಗೆ ಫಿಯೋನಾ; ಅವರ ಅಣ್ಣನ ಮಗಳು, ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಇಬ್ಬರೂ ಕಿಟಕಿಗೆ ಬೆನ್ನು ಮಾಡಿ ಕೂತರು. ಬ್ರೈಡಿ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಲೋಟ ಹಿಡಿದು ನನ್ನ ಕಡೆ ತಿರುಗಿದರು.

"ಭಾನುವಾರ ಎಲ್ಲೂ ಹೋಗ್ಬೇಡ ಕಣಮ್ಮ. ಚರ್ಚಲ್ಲಿ ಮಾಸ್ ಮುಗಿದ್ಮೇಲೆ ಕೆಳಗೆ ಬಾ. ಗಿಡ ನೋಡೋ ಮನುಷ್ಯ ಬರ್ತಿದಾನೆ, ನನ್ ಬಳ್ಳಿ ನೋಡೋಕೆ."

"ಯಾವ ಬಳ್ಳಿ ಆಂಟಿ?"

ಅವರು ಹೇಳಿದ ಕಥೆ ಇದು. ಏಳು ವರ್ಷದವರಿದ್ದಾಗ ಅವರ ತಾಯಿ ಮೆಟ್ಟಿಲಿನ ಬುಡದಲ್ಲಿ ಒಂದು ಬಳ್ಳಿ ತೋರಿಸಿ, ಇದು ಯಾರೂ ಬಿತ್ತಿದ್ದಲ್ಲ, ಕಡಲು ತಂದಿದ್ದು ಎಂದಿದ್ದರಂತೆ. ಒಂದೆರಡು ಬೇಸಿಗೆ ಹೂ ಬಿಟ್ಟು ಅದು ಕಾಣೆಯಾಯಿತು. ಇಷ್ಟು ವರ್ಷ ಇರಲಿಲ್ಲ. ಕಳೆದ ಚಳಿಗಾಲದ ಬಿರುಗಾಳಿಗೆ ಕಡಲು ಕಲ್ಲುಗಳನ್ನೆಲ್ಲ ಮಗುಚಿ ಹಾಕಿತು. ಈ ಬೇಸಿಗೆ ಅದೇ ಜಾಗದಲ್ಲಿ ಅದೇ ಬಳ್ಳಿ ಎದ್ದಿದೆ.

"ಅತ್ತೆ, ಅದು ಯಾರದೋ ರಜಾ ಮನೆಯ ತೋಟದಿಂದ ಬಂದ ಹೂ ಬಟಾಣಿ" ಎಂದಳು ಫಿಯೋನಾ, ಮಕ್ಕಳಿಗೆ ಹೇಳುವಷ್ಟು ಮೆತ್ತಗೆ. ನಂತರ ನನ್ನತ್ತ ನೋಡಿ, "ಸೋಮವಾರ ಅಲ್ಲಿಗೆ ಬಂಡೆ ತಂದು ಸುರೀತಾರೆ. ಅಲೆ ರಸ್ತೆ ಕೊರೀತಿದೆ. ಅಪರೂಪದ ಕಾಡುಹೂವಾದ್ರೆ ಜಾಗ ಬಿಡ್ತಾರೆ, ತೋಟದ್ದಾದ್ರೆ ಇಲ್ಲ. ಅತ್ತೆಗೆ ಇತ್ತೀಚೆಗೆ ಸ್ವಲ್ಪ ಮರೆವು ನೋಡಿ" ಎಂದಳು.

"ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೀತೀನಿ ಕಣೇ. ಅಮ್ಮ ತೋರ್ಸಿದ್ದು ಮರೀತೀನಾ?" ಬ್ರೈಡಿಯ ಕೆನ್ನೆ ಕೆಂಪಾಯಿತು. "ಇಡೀ ಊರು ನಂಗೆ ತಲೆ ಕೆಟ್ಟಿದೆ ಅಂತ ನಗ್ತಾ ಇದೆ. ಎದುರಿಗಲ್ಲ, ಬಾಗಿಲು ಹಾಕ್ಕೊಂಡ್ಮೇಲೆ. ಬರ್ಲಿ ಆ ಮನುಷ್ಯ. ಹೂವು ನೋಡಿದ್ರೆ ಅವನಿಗೆ ತಿಳಿಯುತ್ತೆ. ಬಿಡುವಾಗ ನೇರಳೆ, ಬಾಡುವಾಗ ನೀಲಿ. ನೆಗಡಿ ಅಂತ ಇವಳು ಇವತ್ತು ನನ್ನ ಕೆಳಗೆ ಬಿಡ್ಲಿಲ್ಲ, ಭಾನುವಾರದವರೆಗೂ ಬಿಡಲ್ವಂತೆ. ನಿನ್ನೆ ಎಣಿಸಿದೀನಿ, ಹನ್ನೊಂದು ಗೊಂಚಲು."

ಅರ್ಧ ತಿಂದ ಬಿಸ್ಕತ್ತನ್ನು ತಟ್ಟೆಗೆ ಇಟ್ಟೆ. ಅವರ ಬೆನ್ನ ಹಿಂದೆ, ಕಿಟಕಿಯ ಕಟ್ಟೆಯ ಮೇಲೆ, ನೇರಳೆಯಿಂದ ನೀಲಿಗೆ ತಿರುಗುತ್ತಿದ್ದ ಹನ್ನೊಂದು ಗೊಂಚಲುಗಳ ನಡುವಿನಿಂದ ಗಣಪತಿಯ ಸೊಂಡಿಲು ನನ್ನತ್ತಲೇ ಚಾಚಿತ್ತು. ಫಿಲ್ಲು ನನ್ನ ಮುಖ ನೋಡಿದಳು, ಕಿಟಕಿ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಎದ್ದು ಹೋಗಿ, "ಬಿಸಿಲು ಕಣ್ಣಿಗೆ ಹೊಡೀತಿದೆ" ಎನ್ನುತ್ತಾ ಪರದೆ ಎಳೆದಳು.

"ಯಾವ ಬಿಸಿಲು?" ಎಂದಳು ಫಿಯೋನಾ. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು.

ಅವರು ಹೋದ ಮೇಲೆ ಫಿಲ್ಲು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಡೀ ಐರ್ಲೆಂಡಲ್ಲಿ ನಿಂಗೆ ಅದೇ ಹೂವು ಬೇಕಾಗಿತ್ತೇನೇ?"

"ಹೇಳ್ಬಿಡ್ತೀನಿ ಕಣೇ, ಈಗ್ಲೇ ಹೋಗಿ."

"ಈಗ್ಬೇಡ. ಎರಡು ದಿನ ಇದೆ, ಮೊಗ್ಗು ಅರಳ್ಬಹುದು. ಆಗ ಹೇಳಿದ್ರೆ ನಗ್ತಾರೆ. ಈಗ ಹೇಳಿದ್ರೆ ಆ ಮುದುಕಿ ಎರಡು ರಾತ್ರಿ ನಿದ್ದೆ ಮಾಡಲ್ಲ."

ಇದು ಹೇಡಿತನದ ಮಾತು ಎಂದು ನನಗೆ ಗೊತ್ತಿತ್ತು. ಆದರೂ ಅದು ದಯೆಯ ಹಾಗೆ ಕೇಳಿಸಿತು, ಒಪ್ಪಿಕೊಂಡೆ.

ಶನಿವಾರ, ನಾಲ್ಕು ಬಣ್ಣದ ಡಬ್ಬಿ

ಬೆಳಗ್ಗೆ ಕದ್ದು ಹೋಗಿ ನೋಡಿದೆ. ಬಳ್ಳಿಯಲ್ಲಿ ಅಕ್ಕಿಕಾಳಿನಷ್ಟು ಎರಡು ಮೊಗ್ಗು, ಮೇಲೆ ಮಳೆ ಹನಿ. ಭಾನುವಾರಕ್ಕೆ ಅವು ಅರಳುವ ಲಕ್ಷಣವಿರಲಿಲ್ಲ.

ಮನೆಗೆ ಬಂದು ಪೂಜೆಗೆ ಕೂತು, ಹಿಂದಿನ ದಿನದ ಹೂವು ತೆಗೆದೆ. ಅದನ್ನು ಎಲ್ಲಿ ಹಾಕುವುದು? ಫಿಲ್ಲುವಿನ ಹಿತ್ತಲಲ್ಲಿ ನಾಲ್ಕು ಬಣ್ಣದ ಕಸದ ಡಬ್ಬಿಗಳಿದ್ದವು. ಕಾಗದಕ್ಕೊಂದು, ಗಾಜಿಗೊಂದು, ಅಡುಗೆಮನೆ ಕಸಕ್ಕೊಂದು, ಉಳಿದದ್ದಕ್ಕೊಂದು. ದೇವರ ನಿರ್ಮಾಲ್ಯಕ್ಕೆ ಯಾವ ಬಣ್ಣವೂ ಇರಲಿಲ್ಲ. ತುಳಿಯದ ಜಾಗದಲ್ಲಿ, ಯಾವುದಾದರೂ ಗಿಡದ ಬುಡಕ್ಕೆ ಹಾಕೋಣವೆಂದು ಬ್ರೆಡ್ಡಿನ ಖಾಲಿ ಕಾಗದದ ಚೀಲದಲ್ಲಿ ತುಂಬಿ ಎತ್ತಿಟ್ಟೆ.

ಯಜಮಾನರಿಗೆ ಫೋನು ಮಾಡಿ ಹೇಳಿಕೊಂಡೆ. ಅವರು ಬಹಳ ಹೊತ್ತು ನಕ್ಕರು.

"ಪಕ್ಕದ್ಮನೆ ಕಣಗಿಲೆಗೆ ಕೈ ಹಾಕಿದ್ದಾಯ್ತು, ಈಗ ಹೊರದೇಶಕ್ಕೂ ಹೋಗಿ ಹೆಸರು ತಂದೆ."

"ನಗಬೇಡ್ರಿ. ಆ ಅಜ್ಜಿ ಮಾತು ಸುಳ್ಳಾಗುತ್ತೆ."

"ಹಂಗಾದ್ರೆ ನಿಜ ಹೇಳೋಳು ನೀನೊಬ್ಳೇ ಅಲ್ವಾ?" ಎಂದರು. ಆಮೇಲೆ, "ಅಂದಹಾಗೆ, ಮೆಂತ್ಯ ಅಂತ ಚೀಟಿ ಇರೋ ಡಬ್ಬೀಲಿ ಸಾಸಿವೆ ಇದೆ" ಎಂದರು.

ಭಾನುವಾರ, ಮಾಸ್ ಮುಗಿದ ಮೇಲೆ

ಅಂದು ಕೆಳಗೆ ಹತ್ತು ಹದಿನೈದು ಜನ ಸೇರಿದ್ದರು. ನಾಯಿಗಳೂ ಬಂದಿದ್ದವು. ಗಿಡ ನೋಡುವ ಮನುಷ್ಯನ ಹೆಸರು ಡೆಕ್ಲನ್. ಮೂವತ್ತು ವರ್ಷ ಸೈಕಲ್ಲಿನಲ್ಲಿ ಟಪಾಲು ಹಂಚುತ್ತಾ ದಾರಿಬದಿಯ ಗಿಡಗಳನ್ನೆಲ್ಲ ಗುರುತು ಮಾಡಿಕೊಂಡವರಂತೆ. ನಿವೃತ್ತರಾದ ಮೇಲೆ ಆ ಸೀಮೆಯ ಕಾಡುಗಿಡಗಳ ದಾಖಲೆ ಬರೆಯುವುದು ಅವರ ಕೆಲಸ. ಯಾರೂ ಸಂಬಳ ಕೊಡುವುದಿಲ್ಲ. ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಕಾಲಲ್ಲಿ ರಬ್ಬರ್ ಬೂಟು.

ಬ್ರೈಡಿ ಮಾಸಿಗೆ ತೊಟ್ಟಿದ್ದ ಒಳ್ಳೆಯ ಕೋಟಿನಲ್ಲೇ ಮುಂದೆ ನಡೆದರು. ಬಳ್ಳಿಯ ಹತ್ತಿರ ಬಂದು ನಿಂತರು. ಬಗ್ಗಿದರು. ಎಲೆ ಸರಿಸಿದರು. ಇನ್ನೊಂದು ಕಡೆ ಸರಿಸಿದರು.

"ಇಲ್ಲೇ ಇತ್ತು" ಎಂದರು.

ಫಿಯೋನಾ ಹತ್ತಿರ ಬಂದು ಮೊಣಕೈ ಹಿಡಿದಳು. "ಪರವಾಗಿಲ್ಲ ಅತ್ತೆ. ಹೋದ ತಿಂಗಳು ನೋಡಿದ್ದಿರಬಹುದು."

"ಗುರುವಾರ ಎಣಿಸ್ದೆ." ಬ್ರೈಡಿ ಡೆಕ್ಲನ್ ಮುಖ ನೋಡಿದರು, ಮತ್ತೆ ಬಳ್ಳಿ ನೋಡಿದರು. ಅವರ ದನಿ ಸಣ್ಣದಾಯಿತು. "ಗುರುವಾರ ತಾನೇ? ಎಣಿಸಿದ್ದೆ ಅನ್ಸುತ್ತೆ."

ಆ 'ಅನ್ಸುತ್ತೆ' ಎನ್ನುವ ಮಾತು ನನಗೆ ತಡೆಯಲಾಗಲಿಲ್ಲ. ಎರಡು ದಿನ ನಾನು ಮುಚ್ಚಿಟ್ಟದ್ದರಿಂದ ಆ ಹೆಂಗಸು ತನ್ನ ತಲೆಯನ್ನೇ ಅನುಮಾನಿಸುವಂತಾಗಿತ್ತು.

"ಇತ್ತು" ಎಂದೆ. ಕಾನ್ವೆಂಟಿನಲ್ಲಿ ತಪ್ಪು ಮಾಡಿ ಎದ್ದು ನಿಲ್ಲುವಾಗ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆವು. ಈಗಲೂ ಹಾಗೆಯೇ ಕಟ್ಟಿಕೊಂಡಿದ್ದೆ. "ಹನ್ನೊಂದು ಗೊಂಚಲು ಇತ್ತು. ಆಂಟಿ ಸರಿಯಾಗಿಯೇ ಎಣಿಸಿದ್ದಾರೆ. ಶುಕ್ರವಾರ ಬೆಳಗ್ಗೆ ನಾನು ಕಿತ್ತೆ. ದೇವರಿಗೆ."

ಒಂದು ನಾಯಿ ಆಕಳಿಸಿತು.

"ಎಲ್ಲಾನೂ?" ಎಂದರು ಡೆಕ್ಲನ್.

"ಎಲ್ಲಾನೂ. ಈಗಲೂ ಇವೆ. ನಮ್ಮಲ್ಲಿ ಪೂಜೆಯ ಹೂವು ಕಸಕ್ಕೆ ಹಾಕುವುದಿಲ್ಲ."

"ಹಾಗಾದರೆ ತನ್ನಿ ತಾಯಿ, ನಿಂತು ನೋಡ್ತಿದ್ದೀರಲ್ಲ!"

ಅಷ್ಟು ಮೆಟ್ಟಿಲನ್ನು ಸೀರೆ ಎತ್ತಿ ಹಿಡಿದು ಹತ್ತಿದೆ. ಚಿಕ್ಕಂದಿನಲ್ಲಿ ಶಿವಗಂಗೆ ಬೆಟ್ಟವನ್ನೂ ಅಷ್ಟು ಬೇಗ ಹತ್ತಿರಲಿಲ್ಲ. ಬ್ರೆಡ್ಡಿನ ಚೀಲ ಹಿಡಿದು ಇಳಿದು ಬಂದಾಗ ಡೆಕ್ಲನ್ ಕಲ್ಲುಗಳ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ, ಬಳ್ಳಿಯ ದಂಟನ್ನು ಎರಡು ಬೆರಳಿನ ನಡುವೆ ಉರುಳಿಸುತ್ತಿದ್ದರು. ನಮ್ಮ ಅವ್ವ ರಾಗಿ ತೆನೆಯ ದಂಟನ್ನು ಹಾಗೆಯೇ ಮುಟ್ಟಿ ನೋಡುತ್ತಿದ್ದಳು.

"ನೀವೂ ಮುಟ್ಟಿ" ಎಂದರು ನನಗೆ. ಮುಟ್ಟಿದೆ. ದಂಟಿಗೆ ಮೂಲೆಗಳಿದ್ದವು, ಅಷ್ಟೇ.

"ತೋಟದ ಬಟಾಣಿಯಾಗಿದ್ದರೆ ದಂಟಿನ ಎರಡೂ ಕಡೆ ರಿಬ್ಬನ್ನಿನಂಥ ಅಂಚು ಸಿಗುತ್ತಿತ್ತು. ಇದಕ್ಕಿಲ್ಲ. ಅದರ ಒಂದು ಕಡ್ಡಿಗೆ ಎರಡೇ ಎಲೆ. ಇಲ್ಲಿ ಎಣಿಸಿ."

ಎಣಿಸಿದೆ. ಜೋಡಿ ಜೋಡಿಯಾಗಿ ಎಂಟು. ಎಲೆ ಕಡ್ಡಿ ದಂಟಿಗೆ ಸೇರುವಲ್ಲಿ ಬಾಣದ ತುದಿಯಂಥ ಅಗಲವಾದ ಇನ್ನೆರಡು ಪುಟ್ಟ ಎಲೆಗಳಿದ್ದವು. ಅವನ್ನು ಡೆಕ್ಲನ್ ಹೆಚ್ಚು ಹೊತ್ತು ನೋಡಿದರು. ಆಮೇಲೆ ನನ್ನ ಚೀಲದಿಂದ ಒಂದು ಬಾಡಿದ ಹೂವು ತೆಗೆದು, ಯಾರದೋ ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಇಸಿದುಕೊಂಡು ನೆನೆಹಾಕಿದರು. ಬಿಡಿಸಲು ಸೂಜಿ ಬೇಕೆಂದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ತೆಗೆದುಕೊಟ್ಟೆ. ನೀರಿನಲ್ಲಿ ಹೂವು ಮೆಲ್ಲಗೆ ಬಿಚ್ಚಿಕೊಂಡಿತು. ಬಾವುಟ, ರೆಕ್ಕೆ, ದೋಣಿ.

"ಈ ಕೆಂಪು ಪುಡಿ ಏನು? ಈ ಜಾತಿಗೆ ಇದು ಇರಬಾರದಲ್ಲ."

"ಅದು ಕುಂಕುಮ ಸಾರ್" ಎಂದಳು ಫಿಲ್ಲು. "ಅದನ್ನ ಬರ್ಕೋಬೇಡಿ."

ಡೆಕ್ಲನ್ ಎದ್ದು ನಿಂತು ಮಂಡಿ ಒರೆಸಿಕೊಂಡರು. ಎಲ್ಲರಿಗೂ ಬೆನ್ನು ಮಾಡಿ, ಬ್ರೈಡಿಯೊಬ್ಬರಿಗೇ ಹೇಳಿದರು. "ಇದು ಕಡಲ ಬಟಾಣಿ. ನಾನು ಪುಸ್ತಕದಲ್ಲಿ ನೋಡಿದ್ದೆ, ಬೇರೆ ಎರಡು ತೀರಗಳಲ್ಲಿ ನೋಡಿದ್ದೆ. ಈ ಸೀಮೆಯಲ್ಲಿ ನೋಡುತ್ತೇನೆ ಅಂದುಕೊಂಡಿರಲಿಲ್ಲ. ನಿಮ್ಮ ಅಮ್ಮ ಹೇಳಿದ್ದು ಸರಿ. ಇದರ ಕಾಳು ವರ್ಷಗಟ್ಟಲೆ ಉಪ್ಪುನೀರಿನಲ್ಲಿ ತೇಲಿ ಬಂದರೂ ಸಾಯುವುದಿಲ್ಲ. ಇದನ್ನು ಯಾರೂ ಬಿತ್ತಿಲ್ಲ."

ಜನ ಚಪ್ಪಾಳೆ ತಟ್ಟಿದರು. ಬ್ರೈಡಿ ತಟ್ಟಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

ಅಪರೂಪದ ಹೂವು ಕಿತ್ತದ್ದು ಅಲ್ಲಿ ಕಾನೂನಿಗೆ ವಿರುದ್ಧವಂತೆ. ಡೆಕ್ಲನ್ ಅದನ್ನು ನನಗೆ ಗಂಭೀರವಾಗಿಯೇ ಹೇಳಿದರು. ಈ ಊರಿನ ಹೆಸರು ಎಲ್ಲೂ ಬರೆಯುವುದಿಲ್ಲವೆಂದು ಮಾತು ತೆಗೆದುಕೊಂಡದ್ದೂ ಆಗಲೇ. ಹೆಸರು ತಿಳಿದರೆ ಕಿತ್ತುಕೊಂಡು ಹೋಗುವವರು ಬರುತ್ತಾರಂತೆ, ದೇವರಿಗಲ್ಲ. ನನ್ನ ಮುಖ ನೋಡಿ ಪಾಪವೆನಿಸಿತೋ ಏನೋ, ಎಲೆಗಳ ಅಡಿಯಲ್ಲಿ ನಾನು ಕಾಣದೆ ಬಿಟ್ಟಿದ್ದ ನಾಲ್ಕು ಎಳೆ ಕಾಯಿಗಳನ್ನು ತೋರಿಸಿದರು. ಅವ್ವನ ಮೊಟಕು ಅರ್ಧಕ್ಕೆ ಇಳಿದಂತಾಯಿತು.

"ದಾಖಲೆಗೆ ಒಂದು ಒಣಗಿದ ಮಾದರಿ ಇಡಬೇಕು. ನಾನಾಗಿ ಕೀಳುವಂತಿಲ್ಲ. ನೀವು ಆಗಲೇ ಕಿತ್ತಿದ್ದೀರಿ" ಎನ್ನುತ್ತಾ ಎರಡು ಗೊಂಚಲನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ಒತ್ತಿದರು. ಚೀಲದಿಂದ ಅಚ್ಚು ಹಾಕಿದ ಹಾಳೆ, ಪೆನ್ಸಿಲ್ಲು ಹೊರಬಂದವು. ಕಿತ್ತವರು ಯಾರು ಎಂಬಲ್ಲಿ ನನ್ನ ಹೆಸರು ಬರೆದರು. ಯಾವ ಊರು ಎಂದರು. ದೊಡ್ಡಬಳ್ಳಾಪುರ ಎಂದೆ, ಮೂರು ಸಲ ಹೇಳಿಸಿಕೊಂಡರು. ಕಿತ್ತ ಕಾರಣ ಎಂಬಲ್ಲಿ ಪೆನ್ಸಿಲ್ಲು ನಿಂತಿತು. ಅಲ್ಲಿ ಸಾಮಾನ್ಯವಾಗಿ ಅಧ್ಯಯನ ಎಂದು ಬರೆಯುತ್ತಾರಂತೆ. ಅವರು ಸ್ವಲ್ಪ ಯೋಚಿಸಿ, ಪೂಜೆ ಎಂದು ಬರೆದರು.

ಫಿಲ್ಲು ಇಣುಕಿ ನೋಡುತ್ತಿದ್ದಳು. "ಇದು ಇಲ್ಲಿಯದೇ ಗಿಡ ಅಂತೀರಲ್ಲ, ಎಲ್ಲಿಂದ್ಲೋ ತೇಲ್ಕೊಂಡು ಬಂದಿದ್ದು ಹೆಂಗೆ ಇಲ್ಲಿಯದಾಗುತ್ತೆ?"

"ಮನುಷ್ಯರ ಕೈಯಿಲ್ಲದೆ ತಾನಾಗಿ ಬಂದರೆ ಇಲ್ಲಿಯದು. ಯಾರಾದರೂ ತಂದರೆ ಹೊರಗಿನದು. ಅದೇ ನಿಯಮ."

"ಸರಿ ಹೋಯ್ತು ಬಿಡಿ. ನನ್ನನ್ನ ಏಜೆಂಟು ತಂದಿದ್ದು. ನಾನು ಯಾವತ್ತಿಗೂ ತೋಟದ ಬಟಾಣಿನೇ."

ಎಲ್ಲರಿಗಿಂತ ಜೋರಾಗಿ ನಕ್ಕವರು ಬ್ರೈಡಿ. "ನಿನ್ ಮೇಲೆ ಬಂಡೆ ಹಾಕಿದ್ರೂ ನೀನು ಸಾಯೋಳಲ್ಲ, ಸುಮ್ನಿರು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಆಗ್ಲೇ ಹೇಳಿದ್ರೆ ಎರಡು ದಿನ ನಿನ್ನ ಬಾಯ್ತುಂಬ ಬೈಬಹುದಾಗಿತ್ತು, ಆ ಖುಷಿ ನೀನು ತಪ್ಪಿಸ್ಬಿಟ್ಟೆ" ಎಂದರು. "ಇನ್ಮೇಲೆ ನಿನ್ ದೇವರಿಗೆ ನನ್ ಗುಲಾಬಿ ಕಿತ್ಕೋ. ಬೇಲಿ ಒಳಗಡೆ ಬಂದು ಕಿತ್ಕೋ, ಕಳ್ಳಿ ಹಂಗೆ ಹೊರಗಿಂದ ಬೇಡ."

ಮರುದಿನ ಬಂಡೆಯ ಲಾರಿಗಳು ಬಂದವು. ಡೆಕ್ಲನ್ ಬೆಳಗ್ಗೆಯೇ ಫೋನು ಮಾಡಿ ಮಾತಾಡಿದ್ದರು. ಬಂಡೆಗಳು ಇಪ್ಪತ್ತು ಹೆಜ್ಜೆ ಆಚೆಗೆ ಬಿದ್ದವು. ನಾವು ಮೆಟ್ಟಿಲ ಮೇಲೆ ಕೂತು ಅದನ್ನೂ ನೋಡಿದೆವು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಭಾನುವಾರದ ಆ ಕೊನೆಯ ಗಳಿಗೆಯೇ.

ಮಳೆ ಮತ್ತೆ ಹನಿಯತೊಡಗಿತ್ತು. ಜನ ಚದುರಿದ್ದರು. ಡೆಕ್ಲನ್ ಹಾಳೆಯ ಕೊನೆಯ ಸಾಲಿಗೆ ಬಂದಿದ್ದರು. ಈ ಗಿಡವನ್ನು ಇದೇ ಜಾಗದಲ್ಲಿ ಹಿಂದೆ ಯಾರಾದರೂ ಕಂಡದ್ದುಂಟೇ ಎಂಬ ಸಾಲು. ಅವರು ಬ್ರೈಡಿಯನ್ನು ಕೇಳಿದರು, "ನಿಮ್ಮ ಅಮ್ಮ ತೋರಿಸಿದ್ದು ಯಾವ ವರ್ಷ?"

"ವರ್ಷ ಗೊತ್ತಿಲ್ಲಪ್ಪ. ಏಳು ವರ್ಷಕ್ಕೆ ಚರ್ಚಲ್ಲಿ ಮೊದಲ ಸಲ ಕಮ್ಯುನಿಯನ್ ಪ್ರಸಾದ ತಗೊಂಡ ಬೇಸಿಗೆ. ಬಿಳಿ ಫ್ರಾಕಿಗೆ ಈ ಎಲೆಯ ಹಸಿರು ಕಲೆ ಆಯ್ತು. ಅಮ್ಮ ಬೈದಳು, ಆಮೇಲೆ ತಾನೇ ಹೂವಿನ ಹತ್ರ ಕೂರ್ಸಿ ಬೈದಿದ್ದಕ್ಕೆ ಸಮಾಧಾನ ಮಾಡಿದ್ಳು."

ಫಿಯೋನಾ ಬೆರಳು ಮಡಿಸಿ ಲೆಕ್ಕ ಹಾಕಿ ವರ್ಷ ಹೇಳಿದಳು. ಡೆಕ್ಲನ್ ಅದನ್ನು ಬರೆದರು. ಕಂಡವರು ಎಂಬಲ್ಲಿ ಬ್ರೈಡಿಯ ಹೆಸರು, ಅದರ ಮೇಲೆ ಅವರ ತಾಯಿಯ ಹೆಸರು. ಮಳೆ ಹನಿಯೊಂದು ಹಾಳೆಯ ಮೇಲೆ ಬಿತ್ತು. ಅಷ್ಟು ಹೊತ್ತೂ ಅತ್ತೆಯ ತಲೆಗೆ ಕೊಡೆ ಹಿಡಿದಿದ್ದ ಫಿಯೋನಾ ಅದನ್ನು ಸರಿಸಿ ಆ ಕಾಗದದ ಮೇಲೆ ಹಿಡಿದಳು. ಬ್ರೈಡಿ ಮಳೆಯಲ್ಲಿ ನೆನೆಯುತ್ತಲೇ ನಿಂತು, ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಅಮ್ಮನ ಹೆಸರನ್ನು ಅಕ್ಷರ ಬಿಡದೆ ಓದಿದರು.